ಇಸ್ವಿಗಳ ಹಿಂದಿನ ಮನುಷ್ಯರು: ಹೈಸ್ಕೂಲು ಮಕ್ಕಳಿಗೆ ಇತಿಹಾಸ ಕಲಿಸುವ ಬಗೆ

(ಸಂಘದ ಬೆಳ್ಳಿಹಬ್ಬದ ನಿಮಿತ್ತ ನಮ್ಮೂರ ಪ್ರೌಢಶಾಲೆಯ ಆವರಣದಲ್ಲಿ ಜರುಗಿದ ಪಾಲಕರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಬೆಳ್ಳಿಹಬ್ಬದ ನಿಮಿತ್ತ ದನಗಳ ತಪಾಸಣೆ ಆಯಿತು, ಹಿರಿಯ ಸದಸ್ಯರ ಸನ್ಮಾನ ಆಯಿತು, ಇವತ್ತು ಸಾಲಿಯ ಕಾರ್ಯಕ್ರಮ. ಬೀಜ, ಗೊಬ್ಬರ, ಬೆಳೆಸಾಲ, ವಸೂಲಿ ಇವುಗಳ ಬಗ್ಗೆ ಮಾತಾಡ್ರಿ ಅಂದರೆ ನಾವು ಚೀಟಿ ಇಲ್ಲದೆ ಎರಡು ತಾಸು ಮಾತಾಡಬಲ್ಲೆವು. ಆದರೆ ಸಮಾಜ ವಿಜ್ಞಾನದ ಗುರುಗಳು ಬಂದು, "ಇತಿಹಾಸ ಕಲಿಸೋದರ ಬಗ್ಗೆ ನೀವು ನಾಲ್ಕು ಮಾತು ಹೇಳ್ರಿ. ನಾವು ಹೇಳೋದು ಮಕ್ಕಳು ದಿನಾ ಕೇಳ್ತಾವ. ಹೊಲದಾಗ ದುಡಿಯೋರು ಹೇಳಿದರ ಬ್ಯಾರೇನೇ ಆಕ್ಕೈತಿ" ಅಂದರು. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ಕೂರಿಗೆ ಹಿಡಿದವರು. ಪಂಡಿತರ ಮಾತು ನಮ್ಮ ಕಡೆಯಿಂದ ಬರುವುದಿಲ್ಲ. ಆದರೆ ಬೈಲಹೊಂಗಲ, ಕಿತ್ತೂರ, ಸವದತ್ತಿ, ರಾಮದುರ್ಗ ಈ ನಾಲ್ಕು ಸೀಮೆಯ ಎರಿ ಮಣ್ಣಿನಾಗ ಹುಟ್ಟಿದವರಿಗೆ ಇತಿಹಾಸ ಅನ್ನೋದು ಬರೇ ಪುಸ್ತಕದಾಗಿನ ಮಾತಲ್ಲ. ನಾವು ದಿನಾ ಅದರ ಮ್ಯಾಲೇ ನಡೆದಾಡುತ್ತೇವೆ.

ಮೊದಲಿಗೆ ಕಷ್ಟ ಏನೈತಿ ಅನ್ನೋದನ್ನ ನೋಡೋಣ. ಹತ್ತನೆಯ ತರಗತಿಯ ಯಾವ ಮಗುವನ್ನಾದರೂ ಎಬ್ಬಿಸಿ, ಕಿತ್ತೂರ ಯುದ್ಧ ಯಾವಾಗ ಆಯಿತು ಅಂತ ಕೇಳ್ರಿ. "1824ನೇ ಇಸ್ವಿ, ಅಕ್ಟೋಬರ್ 23" ಅಂತ ಪಟ್ಟನೆ ಹೇಳುತ್ತದೆ. ಥ್ಯಾಕರೆ ಸತ್ತ, ಅಮಟೂರ ಬಾಳಪ್ಪ ಗುಂಡು ಹಾಕಿದ ಅಂತಲೂ ಹೇಳುತ್ತದೆ. ಭೇಷ್ ಅನ್ನಬೇಕು. ಆದರೆ ಮುಂದೆ ಒಂದು ಪ್ರಶ್ನೆ ಹಾಕಿರಿ: "ತಂಗಿ, ಅಕ್ಟೋಬರ್ 23ಕ್ಕೆ ಹೊಲದಾಗ ಏನಿತ್ತವಾ?" ಮಗು ಮೇಲೆ ಕೆಳಗೆ ನೋಡುತ್ತದೆ. ಅದೇ ಮಗು ಹಿಂದಿನ ದಿನ ಅಪ್ಪನ ಕೂಡ ಹೊಲಕ್ಕೆ ಹೋಗಿ ಬಂದಿರುತ್ತದೆ! ಪುಸ್ತಕದಾಗಿನ ಅಕ್ಟೋಬರ್ ಬೇರೆ, ಹೊಲದಾಗಿನ ಅಕ್ಟೋಬರ್ ಬೇರೆ ಅಂತ ಅದರ ತಲೆಯಲ್ಲಿ ಕೂತುಬಿಟ್ಟಿದೆ. ಈ ಎರಡನ್ನೂ ಕೂಡಿಸುವುದೇ ನಮ್ಮ ಇವತ್ತಿನ ವಿಷಯ.

ಹೋದ ವರ್ಷ ಗುರುಗಳು ಒಂದು ಪ್ರಯೋಗ ಮಾಡಿದರು. ನಾವು ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆವು. ಆ ದಿನದ ತಿಥಿ ಯಾವುದಿತ್ತು ಅಂತ ಲೆಕ್ಕ ಹಾಕಿಸಿದರು. ಅಮಾಸಿಯಿಂದ ಅಮಾಸಿಗೆ ಇಪ್ಪತ್ತೊಂಬತ್ತೂವರೆ ದಿನ ಹಿಡಿದು ಹಿಂದಕ್ಕೆ ಹೋದರೆ, 1824ರ ಅಕ್ಟೋಬರ್ 23 ದೀಪಾವಳಿ ಅಮಾಸಿಯ ಆಸುಪಾಸಿಗೇ ಬರುತ್ತದೆ. ಕ್ಲಾಸಿನಾಗ ಒಮ್ಮೆಲೇ ಗದ್ದಲ ಎದ್ದಿತು. "ಸರ್, ಹಾಂಗಾದ್ರ ಅವರು ದೀಪಾವಳಿ ಮಾಡಿದ್ರೇನ್ರಿ?" "ಹೊಲದಾಗ ಹಿಂಗಾರಿ ಬಿತ್ತೂದು ಮುಗಿದಿತ್ತೇನ್ರಿ?" "ಎತ್ತು ಚಕ್ಕಡಿ ಎಲ್ಲಾ ಕೋಟೆಗೆ ಹೋದ್ರ ಬಿತ್ತಾವರು ಯಾರ್ರಿ?" ಇವು ಮಕ್ಕಳು ತಾವಾಗಿ ಕೇಳಿದ ಪ್ರಶ್ನೆ. ಯಾವ ಗೈಡಿನಲ್ಲಿಯೂ ಇಲ್ಲ. ಬಿ.ಟಿ. ಹತ್ತಿ ಇರಲಿಲ್ಲ, ಸೋಯಾಬೀನ್ ಇರಲಿಲ್ಲ, ಜವಾರಿ ಹತ್ತಿ, ಜೋಳ, ಕಡಲಿ ಇದ್ದವು, ಕಿತ್ತೂರ ಪಡುವಣ ಕಡೆ ನೆಲ್ಲು ಇತ್ತು ಅಂತ ಒಂದೊಂದಾಗಿ ಸೇರಿಸುತ್ತ ಹೋದಂತೆ ಒಂದು ಇಸ್ವಿಯ ಹಿಂದೆ ಊರು, ಮಂದಿ, ದನ, ಮಳೆ ಎಲ್ಲ ಕಾಣತೊಡಗಿದವು.

ಇನ್ನೊಂದು ಲೆಕ್ಕ. ಅಕ್ಟೋಬರ್ 23ಕ್ಕೆ ಕಿತ್ತೂರ ಗೆದ್ದಿತು. ಡಿಸೆಂಬರ್ 5ಕ್ಕೆ ಕೋಟೆ ಬಿದ್ದಿತು. ನಡುವೆ ಎಷ್ಟು ದಿನ? 43 ದಿನ. ಅಮಾಸಿಗೆ ಗೆದ್ದು, ಹೊಸ್ತಿಲ ಹುಣ್ಣಿಮೆಯ ಹೊತ್ತಿಗೆ ಸೋತರು. ಪುಸ್ತಕದಲ್ಲಿ ಈ ಎರಡರ ನಡುವೆ ಒಂದು ಪೂರ್ಣವಿರಾಮದ ಚುಕ್ಕಿ ಅಷ್ಟೇ ಐತಿ. ಆದರೆ ಆ 43 ದಿನ ಮಂದಿ ಉಂಡರು, ಮಲಗಿದರು, ಬಾಣಂತಿತನ ಆದವು, ಹೆಣ ಹೂಳಿದರು, ಧಾರವಾಡದ ಹಾದಿ ಕಡೆ ನೋಡುತ್ತ ಕೂತರು. ಅವರಿಗೆ ಡಿಸೆಂಬರ್ 5 ಗೊತ್ತಿರಲಿಲ್ಲ. ಇದನ್ನು ಮಕ್ಕಳಿಗೆ ತಿಳಿಸುವುದೇ ಇತಿಹಾಸ ಪಾಠದ ಮೊದಲ ಮೆಟ್ಟಿಲು ಅಂತ ನಮಗನಿಸುತ್ತದೆ. ನಮಗೆ ಕೊನೆ ಗೊತ್ತಿದೆ, ಅವರಿಗೆ ಗೊತ್ತಿರಲಿಲ್ಲ. ಬಿತ್ತುವ ದಿನ ನಮಗೆ ಸುಗ್ಗಿಯ ರೇಟು ಗೊತ್ತಿರುತ್ತದೇನು? ಮಾರ್ಗಶಿರದಲ್ಲಿ ಕೂತು ಜೂನಿನ ಬಿತ್ತಿಗೆಯನ್ನು ನೋಡಿ, "ಅಂವಾ ಮೂರ್ಖ, ಉಳ್ಳಾಗಡ್ಡಿ ಯಾಕ ಹಾಕಿದ" ಅನ್ನುವುದು ಸುಲಭ. ಬಿತ್ತುವ ದಿನ ಅವನ ಬದಿಗೆ ನಿಂತು ನೋಡಿದವರಿಗೆ ಅವನ ಲೆಕ್ಕ ತಿಳಿಯುತ್ತದೆ.

ಈಗ ದತ್ತಕದ ಮಾತು. ಮಲ್ಲಸರ್ಜ ದೇಸಾಯರು 1816ರಲ್ಲಿ ತೀರಿದರು. ಶಿವಲಿಂಗರುದ್ರಸರ್ಜರು 1824ರಲ್ಲಿ ತೀರಿದರು. ದತ್ತಕ ತಗೊಂಡ ಮಗನನ್ನು ಕಂಪನಿ ಸರಕಾರ ಒಪ್ಪಲಿಲ್ಲ, ಭಂಡಾರಕ್ಕೆ ಮುದ್ರೆ ಹಾಕಿದರು, ಜಗಳ ಬೆಳೆಯಿತು. ಇದನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ದತ್ತಕ ಒಪ್ಪದಿದ್ದರೆ ಯಾಕೆ ಎದೆ ಒಡೆಯುತ್ತದೆ ಅನ್ನುವುದು ಅವರಿಗೆ ತಿಳಿಯಬೇಕಾದರೆ ಒಂದು ರೈತ ಮನೆಯಿಂದ ಸುರು ಮಾಡಬೇಕು. ಉತಾರದಾಗ ಯಾರ ಹೆಸರು ಬರಬೇಕು? ಸತ್ತವರಿಗೆ ನೀರು ಬಿಡುವವರು ಯಾರು? ಮನೆತನದ ದೇವರ ಪೂಜೆ ಯಾರ ಪಾಲಿಗೆ? ಇಷ್ಟು ಕೇಳಿದರೆ ನಮ್ಮ ಮಕ್ಕಳಿಗೆ ಗಂಟಲು ಕಟ್ಟುತ್ತದೆ, ಯಾಕಂದ್ರ ಇಂಥ ಕಥಿ ಓಣಿಗೊಂದು ಐತಿ.

ಆದರೆ ಅಲ್ಲಿಗೇ ನಿಲ್ಲಬಾರದು ಅಂತ ಗುರುಗಳು ಹೇಳಿದ್ದು ನಮಗೆ ಬಹಳ ಮನಸ್ಸಿಗೆ ಬಂತು. ನಮ್ಮ ನಾಲ್ಕೆಕರೆ ಹೊಲ ಬೇರೆ, ಕಿತ್ತೂರ ಸಂಸ್ಥಾನ ಬೇರೆ. ಅವರ ಅಧಿಕಾರ ಮೊದಲು ಪೇಶವೆಯವರ ಸನದಿನ ಮೇಲೆ, ಆಮೇಲೆ ಕಂಪನಿಯ ಒಪ್ಪಿಗೆಯ ಮೇಲೆ ನಿಂತಿತ್ತು. ಊರಿನ ಒಕ್ಕಲಿಗೆ ದೇಸಾಯರೂ ಪಟ್ಟಿ ಕೇಳುವವರೇ, ಕಂಪನಿಯವರೂ ಪಟ್ಟಿ ಕೇಳುವವರೇ. ಅಂದಮೇಲೆ ಒಕ್ಕಲಿಗ ಯಾಕೆ ದೇಸಾಯರ ಪರ ಕತ್ತಿ ಹಿಡಿದ? ಉಪ್ಪಿನ ಋಣಕ್ಕೋ, ಇನಾಮಿನ ಹೊಲಕ್ಕೋ, ರಾಣಿಯ ಮೇಲಿನ ಭಕ್ತಿಗೋ, ಹೊಸಬರ ಹೆದರಿಕೆಗೋ? ನಮ್ಮ ಹಾಗೆಯೇ ಇದ್ದರು ಅಂತ ತಿಳಿಯುವುದು ಅರ್ಧ ಪಾಠ, ನಮ್ಮ ಹಾಗೆ ಇರಲಿಲ್ಲ ಅಂತ ತಿಳಿಯುವುದು ಉಳಿದ ಅರ್ಧ. ಎರಡೂ ಬೇಕು.

ಇಲ್ಲಿ ಒಂದು ಅಡ್ಡ ಪ್ರಶ್ನೆ ಬರುತ್ತದೆ. ಊರ ಹಿರಿಯರೊಬ್ಬರು ನಮ್ಮನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಕೇಳಿದರು: "ಹಾಂಗಾದ್ರ ಇಂಗ್ರೇಜರ ಮನಸ್ಸೂ ತಿಳಕೋಬೇಕಂತೀರೇನು? ನಮ್ಮ ಹುಡುಗೂರು ಅವರ ಕಡೆ ಮಾತಾಡಾಕ ಸುರು ಮಾಡಿದ್ರ?" ನ್ಯಾಯವಾದ ಪ್ರಶ್ನೆ. ನಾವು ಅಂದೆವು, ಕಾಕಾ, ನೀವು ಬೈಲಹೊಂಗಲ ಪ್ಯಾಟಿಗೆ ಹತ್ತಿ ಒಯ್ಯುವಾಗ ದಲಾಲಿಯ ಲೆಕ್ಕ ತಿಳಕೊಂಡು ಹೋಗ್ತೀರೋ, ತಿಳೀದೆ ಹೋಗ್ತೀರೋ? ತಿಳಕೊಂಡವರೆಲ್ಲ ದಲಾಲಿಯ ಕಡೆಯವರು ಆಗುವುದಿಲ್ಲ. ತಿಳಿಯುವುದು ಬೇರೆ, ಒಪ್ಪುವುದು ಬೇರೆ.

ಒಂದು ಉದಾಹರಣೆ ಕೊಡುತ್ತೇವೆ. ಅಕ್ಟೋಬರ್ 23ರಂದು ಕಿತ್ತೂರಿನವರ ಕೈಗೆ ಇಬ್ಬರು ಇಂಗ್ರೇಜಿ ಅಧಿಕಾರಿಗಳು ಸೆರೆ ಸಿಕ್ಕರು. ಒಬ್ಬ ಸ್ಟೀವನ್ಸನ್, ಇನ್ನೊಬ್ಬ ವಾಲ್ಟರ್ ಎಲಿಯಟ್. ಎಲಿಯಟ್ ಹುಟ್ಟಿದ್ದು 1803ರಲ್ಲಿ. ಅಂದರೆ ಸೆರೆ ಸಿಕ್ಕಾಗ ಇಪ್ಪತ್ತೊಂದು ವರ್ಷದ ಹುಡುಗ, ನಮ್ಮಲ್ಲಿ ಡಿಗ್ರಿ ಮುಗಿಸಿ ನೌಕರಿ ಹುಡುಕುವ ವಯಸ್ಸು. ಕಣ್ಣ ಮುಂದೆ ಅವನ ಮೇಲಧಿಕಾರಿ ಸತ್ತಿದ್ದಾನೆ. ಭಾಷೆ ಬೇರೆ, ಊರು ಸಮುದ್ರದ ಆಚೆ. ಡಿಸೆಂಬರ್ ಆರಂಭದಲ್ಲಿ ಅವರಿಬ್ಬರನ್ನೂ ಜೀವಂತ ಬಿಟ್ಟುಕೊಟ್ಟರು. ಅದೇ ಎಲಿಯಟ್ ಮುಂದೆ ನಮ್ಮ ನಾಡಿನ ನೂರಾರು ಶಿಲಾಶಾಸನಗಳನ್ನು ನಕಲು ಮಾಡಿಸಿದ. ಮಕ್ಕಳಿಗೆ, "ಸೆರೆಯಲ್ಲಿದ್ದ ಎಲಿಯಟ್ ತನ್ನ ತಾಯಿಗೆ ಬರೆದಿರಬಹುದಾದ ಪತ್ರ ಬರೆಯಿರಿ, ಕಾವಲಿಗೆ ನಿಂತಿದ್ದ ಕಿತ್ತೂರ ಸಿಪಾಯಿ ತನ್ನ ಹೆಂಡತಿಗೆ ಹೇಳಿರಬಹುದಾದ ಮಾತು ಬರೆಯಿರಿ" ಅಂತ ಎರಡನ್ನೂ ಕೊಟ್ಟರು. ಒಬ್ಬ ಹುಡುಗ ಕಾವಲುಗಾರನ ಬಾಯಿಂದ ಹೀಗೆ ಬರೆದಿದ್ದ: "ಅಂವಾ ರೊಟ್ಟಿ ತಿನ್ನಾಕ ಬರದ ಕೈ ಸುಟಗೊಂಡ. ನನಗ ನಗಿ ಬಂತು, ಆಮ್ಯಾಲ ಪಾಪ ಅನಿಸ್ತು. ಆದರ ಬಾಗಿಲ ತೆಗೀಲಿಲ್ಲ." ಈ ಕಡೆಯ ಮಾತನ್ನು ನೋಡ್ರಿ. ಪಾಪ ಅನಿಸಿತು, ಆದರೆ ಬಾಗಿಲು ತೆಗೆಯಲಿಲ್ಲ! ಕಾಕಾ ಕೇಳಿದ ಪ್ರಶ್ನೆಗೆ ಒಂಬತ್ತನೆಯ ತರಗತಿಯ ಹುಡುಗ ನಮಗಿಂತ ಚೆನ್ನಾಗಿ ಉತ್ತರ ಕೊಟ್ಟಿದ್ದ.

ಆದರೆ ಕಲ್ಪನೆಗೆ ಮೂಗುದಾಣ ಬೇಕು. ಇಲ್ಲದಿದ್ದರೆ ಅದು ಸಿಕ್ಕವರ ಹೊಲಕ್ಕೆ ನುಗ್ಗುತ್ತದೆ. ಅದಕ್ಕೆ ನಮ್ಮ ಗುರುಗಳು ಮಕ್ಕಳ ವಹಿಯಲ್ಲಿ ಮೂರು ಕಾಲಮ್ ಹೊಡೆಸಿದ್ದಾರೆ. ಒಂದರಲ್ಲಿ ದಾಖಲೆ, ಕಲ್ಲು, ಕಟ್ಟಡಗಳಿಂದ ಗೊತ್ತಾದದ್ದು. ಎರಡನೆಯದರಲ್ಲಿ ಹಾಡು, ಲಾವಣಿ, ಹಿರಿಯರ ಬಾಯಿಂದ ಬಂದದ್ದು. ಮೂರನೆಯದರಲ್ಲಿ ನಾವು ಊಹೆ ಮಾಡಿದ್ದು. ರೊಟ್ಟಿ ತಿಂದು ಕೈ ಸುಟ್ಟದ್ದು ಮೂರನೆಯ ಕಾಲಮ್ಮಿಗೆ ಹೋಗಬೇಕು. ಎಲಿಯಟ್ ಸೆರೆ ಸಿಕ್ಕದ್ದು ಮೊದಲನೆಯದಕ್ಕೆ. ನಮ್ಮ ಸಂಘದಲ್ಲಿ ಜಮಾ, ಖರ್ಚು, ಬಾಕಿ ಬೇರೆ ಬೇರೆ ಬರೆಯುವ ಹಾಗೆ. ಬಾಕಿಯನ್ನು ಜಮಾದಾಗ ಬರೆದರೆ ಆಡಿಟರ್ ಬಿಡುತ್ತಾನೇನು? ಇವತ್ತು ಮೊಬೈಲಿನಾಗ ದಿನಬೆಳಗಾದರೆ ಇತಿಹಾಸದ ಹೆಸರಿನ ಮೆಸೇಜು ಬರುತ್ತವೆ, ಯಾರೋ ಯಾರನ್ನೋ ಕೊಂದರು, ಅದಕ್ಕೆ ನಾವು ಇವತ್ತು ಇವರನ್ನು ದ್ವೇಷಿಸಬೇಕು ಅಂತ. ಈ ಮೂರು ಕಾಲಮ್ ಕಲಿತ ಮಗು ಅಂಥ ಮೆಸೇಜು ಓದಿ, "ಇದು ಯಾವ ಕಾಲಮ್ಮಿಂದು?" ಅಂತ ಕೇಳುತ್ತದೆ. ಇದಕ್ಕಿಂತ ದೊಡ್ಡ ಪ್ರಯೋಜನ ಬೇರೆ ಬೇಕೇನು?

ಸಂಗೊಳ್ಳಿ ರಾಯಣ್ಣನ ವಿಷಯಕ್ಕೆ ಬರೋಣ. ಸಂಗೊಳ್ಳಿ ನಮ್ಮ ಬೈಲಹೊಂಗಲ ತಾಲೂಕಿನ ಊರು. 1829-30ರಲ್ಲಿ ರಾಯಣ್ಣ ಬೀಡಿ, ನಂದಗಡ, ಸಂಪಗಾಂವಿ ಈ ಕಡೆಯ ಸರಕಾರಿ ಕಚೇರಿಗಳ ಮೇಲೆ ಬಿದ್ದ, ದಫ್ತರ ಸುಟ್ಟ. ದಫ್ತರ ಯಾಕೆ ಸುಟ್ಟ? ಮಕ್ಕಳಿಗೆ ಈ ಪ್ರಶ್ನೆ ಕೊಟ್ಟಾಗ ಮೊದಲು "ಸಿಟ್ಟಿಗೆ" ಅಂದರು. ಆಮೇಲೆ ಒಬ್ಬ ಹುಡುಗಿ, "ಅದರಾಗ ಬಾಕಿ ಬರದಿರತಾರಲ್ರಿ" ಅಂದಳು. ವಸೂಲಿಗೆ ಹೋಗುವ ನಮ್ಮಂಥ ನಿರ್ದೇಶಕರಿಗೆ ಇದು ಲಗೂನ ತಿಳಿಯುತ್ತದೆ (ಸಭೆಯಲ್ಲಿ ನಗು). ಹೊಲಕ್ಕೆ ಹೊಸ ಪಟ್ಟಿ, ಇನಾಮಿನ ಮೇಲೆ ಕೈ, ಎಲ್ಲ ಆ ಕಾಗದದ ಮೇಲೇ ಇತ್ತು. ಮಂದಿ ಅವನಿಗೆ ಅನ್ನ ನೀರು ಕೊಟ್ಟದ್ದು ಯಾಕೆ ಅನ್ನುವುದೂ ಇದರಿಂದ ತಿಳಿಯುತ್ತದೆ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೆ ಹಾಕಿದರು. ಅವನ ಮೇಲಿನ ಲಾವಣಿ ನಿಲ್ಲಲಿಲ್ಲ. 1880ರ ದಶಕದಲ್ಲಿ ಜೆ.ಎಫ್. ಫ್ಲೀಟ್ ಎಂಬ ಇಂಗ್ರೇಜಿ ಅಧಿಕಾರಿಯೇ ರಾಯಣ್ಣನ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ. ಗಲ್ಲಿಗೆ ಹಾಕಿದ ಸರಕಾರದ ನೌಕರನ ಮುಂದೆ ಕೂತು ಗಲ್ಲಿಗೇರಿದವನ ಹಾಡು ಹಾಡಿದವರ ಎದೆ ಹೆಂಗಿರಬೇಕು! ಇದೂ ಮಕ್ಕಳು ಯೋಚಿಸುವ ವಿಷಯ.

ರಾಯಣ್ಣನನ್ನು ಹಿಡಿದುಕೊಟ್ಟವರು ನಮ್ಮವರೇ. ಇಲ್ಲಿ ಒಂದು ನಡೆದ ಸಂಗತಿ ಹೇಳಬೇಕು. ಕೆಲವು ವರ್ಷದ ಹಿಂದೆ ಈ ಭಾಗದ ಒಂದು ಸಾಲಿಯ ಗ್ಯಾದರಿಂಗಿನಲ್ಲಿ ರಾಯಣ್ಣನ ನಾಟಕ ಮಾಡಿದರು. ಹಿಡಿದುಕೊಡುವವನ ಪಾತ್ರವನ್ನು ಒಬ್ಬ ಬಡವರ ಹುಡುಗನಿಗೆ ಕೊಟ್ಟರು. ಹುಡುಗ ಚೆನ್ನಾಗಿ ಮಾಡಿದ. ಚೆನ್ನಾಗಿ ಮಾಡಿದ್ದೇ ತಪ್ಪಾಯಿತು. ಮರುದಿನದಿಂದ ಅವನ ಹೆಸರೇ "ದ್ರೋಹಿ" ಆಯಿತು. ಆಟದಾಗ ದ್ರೋಹಿ, ನೀರಿನ ನಳದ ಹತ್ತಿರ ದ್ರೋಹಿ. ಮುಂದೆ ಅವನ ತಮ್ಮನಿಗೂ ಅದೇ ಹೆಸರು ಹತ್ತಿತು. ಹುಡುಗ ಸಾಲಿ ತಪ್ಪಿಸತೊಡಗಿದ. ಕಡೆಗೆ ಅವನ ತಾಯಿ ಸಾಲಿಗೆ ಬಂದು, "ನನ್ನ ಮಗ ಯಾರನ್ನೂ ಹಿಡಕೊಟ್ಟಿಲ್ರೀ" ಅಂತ ಅತ್ತಳು. ನಮಗೆ ಈ ಮಾತು ಇನ್ನೂ ಕಿವಿಯಾಗ ಐತಿ. ಇತಿಹಾಸವನ್ನು ಬರೇ ಶೂರ ಮತ್ತು ದ್ರೋಹಿ ಅಂತ ಎರಡು ಚೀಲದಾಗ ತುಂಬಿ ಕಲಿಸಿದರೆ ಹೀಗಾಗುತ್ತದೆ. ಎರಡು ನೂರು ವರ್ಷದ ಹಿಂದಿನ ಸಿಟ್ಟು ಇವತ್ತಿನ ಹದಿಮೂರು ವರ್ಷದ ಹುಡುಗನ ತಲೆಯ ಮೇಲೆ ಬೀಳುತ್ತದೆ.

ಅದಕ್ಕೆ ನಾವು ಅನ್ನುವುದು: ಹಿಡಿದುಕೊಟ್ಟವರ ಬಗ್ಗೆಯೂ ಮಕ್ಕಳು ಪ್ರಶ್ನೆ ಕೇಳಲಿ. ಬಹುಮಾನದ ಆಸೆ ಇತ್ತೇ? ಊರ ಮೇಲೆ ದಂಡು ಬಂದು ಸುಡುತ್ತದೆ ಅನ್ನುವ ಹೆದರಿಕೆ ಇತ್ತೇ? ಗೌಡಕಿ ಉಳಿಸಿಕೊಳ್ಳುವ ಚಿಂತೆಯೇ? ಹಳೆಯ ಹಗೆಯೇ? ಎಲ್ಲ ತಿಳಿದ ಮೇಲೂ ಅವರು ಮಾಡಿದ್ದು ತಪ್ಪು ಅನ್ನಬಹುದು. ನಾವು ಹಾಗೇ ಅನ್ನುತ್ತೇವೆ. ಆದರೆ ಮನುಷ್ಯ ಯಾವ ದಾರಿಯಿಂದ ಅಂಥ ತಪ್ಪಿಗೆ ಬಂದು ಮುಟ್ಟುತ್ತಾನೆ ಅಂತ ತಿಳಿದವನು ನಾಳೆ ತಾನು ಆ ದಾರಿ ಹಿಡಿಯುವಾಗ ಒಂದು ಗಳಿಗೆ ನಿಲ್ಲುತ್ತಾನೆ. ಬರೇ "ದ್ರೋಹಿ" ಅಂತ ಕೂಗಿದವನು ನಿಲ್ಲುವುದಿಲ್ಲ, ಯಾಕಂದ್ರ ದ್ರೋಹಿ ಅಂದರೆ ಬೇರೆ ಯಾರೋ ಅಂತ ಅವನು ತಿಳಿದಿರುತ್ತಾನೆ.

ರಾಮದುರ್ಗ ಸೀಮೆಯಲ್ಲಿ ಇದೇ ಪಾಠ ಇನ್ನೂ ತೊಡಕಿನದು. 1858ರ ಮೇ 29ರಂದು ಸುರೇಬಾನದಲ್ಲಿ ನರಗುಂದ ಬಾಬಾಸಾಹೇಬರ ಕಡೆಯವರು ಮ್ಯಾನ್ಸನ್ ಎಂಬ ಪೊಲಿಟಿಕಲ್ ಏಜೆಂಟನನ್ನು ಕೊಂದರು. ಅಲ್ಲಿಯೂ ದತ್ತಕದ ನೋವಿತ್ತು. ಎರಡು ವಾರದೊಳಗೆ ನರಗುಂದ ಬಿತ್ತು, ಬಾಬಾಸಾಹೇಬರನ್ನು ಜೂನ್ 12ಕ್ಕೆ ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿದರು. ರಾಮದುರ್ಗದ ಅರಸರು ಅದೇ ಭಾವೆ ಮನೆತನದವರು. ಅವರು ಕಂಪನಿ ಸರಕಾರದ ಕೂಡ ಉಳಿದರು. ನರಗುಂದ ಸಂಸ್ಥಾನ ಹೋಯಿತು, ರಾಮದುರ್ಗ ಸಂಸ್ಥಾನ 1948ರ ತನಕ ಉಳಿಯಿತು. ಒಂದೇ ಮನೆತನ, ಒಂದೇ ನದಿಯ ನೀರು, ಎರಡು ನಿರ್ಧಾರ. ಮಕ್ಕಳನ್ನು ಎರಡು ಗುಂಪು ಮಾಡಿ, ಇವರ ಕಾರಣ ಅವರು, ಅವರ ಕಾರಣ ಇವರು ಹೇಳಲಿ. ತಮ್ಮ ಪಕ್ಷದ ಮಾತನ್ನು ಯಾರಾದರೂ ಹೇಳುತ್ತಾರೆ, ಎದುರಿನವರ ಮಾತನ್ನು ಅವರು ಒಪ್ಪುವ ಹಾಗೆ ಹೇಳುವುದು ಕಠಿಣ. ನಮ್ಮ ವಾರ್ಷಿಕ ಸಭೆಯಲ್ಲಿ ದೊಡ್ಡವರಿಗೇ ಇದು ಬರುವುದಿಲ್ಲ. ಅದೇ ರಾಮದುರ್ಗದಲ್ಲಿ 1939ರ ಏಪ್ರಿಲ್‌ನಲ್ಲಿ ಪ್ರಜೆಗಳ ಚಳವಳಿ ಕೈಮೀರಿ ಪೊಲೀಸರ ಹೆಣವೂ ಬಿದ್ದವು. ಸಂಸ್ಥಾನದ ಸಂಬಳಕ್ಕೆ ನಿಂತ ಆ ಪೊಲೀಸರೂ ಯಾವುದೋ ಹಳ್ಳಿಯ ಮನೆಯವರೇ. ಸ್ವಾತಂತ್ರ್ಯಕ್ಕೆ ಹೋರಾಡಿದವರಿಗೆ ಕೈ ಮುಗಿಯುತ್ತಲೇ ಆ ಮನೆಗಳ ಕಡೆಗೂ ಮಕ್ಕಳ ಕಣ್ಣು ಹೋಗಲಿ.

ಅರಸರು, ಯುದ್ಧ ಇಷ್ಟೇ ಇತಿಹಾಸ ಅಂತ ತಿಳಿಯಬಾರದು. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು 1970ರ ದಶಕದ ಆರಂಭದಲ್ಲಿ ಮುಗಿಯಿತು. ರೇಣುಕಾಸಾಗರದ ನೀರಿನಿಂದ ಎಷ್ಟೋ ಹೊಲ ಹಸಿರಾದವು. ಅದೇ ನೀರಿನ ತಳದಲ್ಲಿ ಊರುಗಳು ಮುಳುಗಿದವು. ಒಬ್ಬ ಹುಡುಗಿ ತನ್ನ ಅಮ್ಮನ ತಾಯಿಯನ್ನು ಮಾತಾಡಿಸಿ ಬರೆದುಕೊಂಡು ಬಂದಿದ್ದಳು. ಊರು ಬಿಡುವಾಗ ಏನೇನು ತಂದಿರಿ? ಬೀಸೂಕಲ್ಲು, ಬಾಗಿಲದ ಚೌಕಟ್ಟು, ದೇವರು, ಎರಡು ಎಮ್ಮಿ. ಆಮೇಲೆ ಹುಡುಗಿ, "ಏನೇನು ಬಿಟ್ಟು ಬಂದ್ರಿ?" ಅಂದಳಂತೆ. ಮುದುಕಿ ಬಹಳ ಹೊತ್ತು ಸುಮ್ಮನಿದ್ದು, "ಬಾವಿ ಬಿಟ್ವಿ, ಹಗೇವು ಬಿಟ್ವಿ, ಹಿರ್ಯಾರ ಮಣ್ಣು ಮಾಡಿದ ಜಾಗಾ ಬಿಟ್ವಿ" ಅಂದಳಂತೆ. ಐವತ್ತು ವರ್ಷ ಆ ಮನೆಯಲ್ಲಿ ಯಾರೂ ಈ ಎರಡನೆಯ ಪ್ರಶ್ನೆ ಕೇಳಿರಲಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ, ಮುನವಳ್ಳಿ ಕಡೆ ಮನೆ ಬಿದ್ದದ್ದನ್ನು ನಮ್ಮ ಮಕ್ಕಳು ಸಣ್ಣವರಿದ್ದಾಗ ಕಣ್ಣಾರೆ ಕಂಡಿದ್ದಾರೆ. ಆ ನೆನಪಿನ ಮೇಲೆ ನಿಂತು ಅವರು ಅಜ್ಜಿಯ ಮುಳುಗಿದ ಊರನ್ನು ನೋಡಬಲ್ಲರು.

ಯಲ್ಲಮ್ಮನ ಗುಡ್ಡಕ್ಕೆ ನಾವೆಲ್ಲ ಚಕ್ಕಡಿ ಕಟ್ಟಿಕೊಂಡು ಹೋದವರು, ಈಗ ಟ್ರ್ಯಾಕ್ಟರಿನಲ್ಲಿ ಹೋಗುತ್ತೇವೆ. ತಾಯಿಯ ಮೇಲಿನ ಭಕ್ತಿ ಕಡಿಮೆ ಆಗಿಲ್ಲ, ಆಗಬಾರದು. ಆದರೆ ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಬಾಳು ಏನಾಯಿತು ಅಂತ ಯಾವ ಪಾಠದಲ್ಲಿಯೂ ಹೆಚ್ಚು ಹೇಳಿಲ್ಲ. 1982ರಲ್ಲಿ ಸರಕಾರ ಇದನ್ನು ನಿಷೇಧಿಸಿ ಕಾನೂನು ಮಾಡಿತು. ಅವರಿಗೆ ಆ ವಯಸ್ಸಿನಲ್ಲಿ ಬೇಕು, ಬೇಡ ಅನ್ನುವ ಹಕ್ಕು ಇತ್ತೇ ಅಂತ ನಮ್ಮ ಹೆಣ್ಣುಮಕ್ಕಳೂ, ಅದಕ್ಕಿಂತ ಹೆಚ್ಚಾಗಿ ನಮ್ಮ ಗಂಡುಮಕ್ಕಳೂ ಒಮ್ಮೆ ಯೋಚಿಸಿದರೆ ಸಾಕು. ಇದೇ ಸವದತ್ತಿ ಸೀಮೆಯ ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರುವ ಮೊದಲು ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗೆ ಬರೆದಿಟ್ಟರು. ತಮ್ಮದಲ್ಲದ ಮಕ್ಕಳ ಹಸಿವನ್ನು ಅವರು ಕಲ್ಪಿಸಿಕೊಳ್ಳದಿದ್ದರೆ ಅಂಥ ಕಾಗದ ಬರೆಯಲು ಕೈ ಬರುತ್ತಿರಲಿಲ್ಲ.

ಇನ್ನು ನಮ್ಮ ಸಂಘದ ಮಾತು. ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿತು. ಅದರ ಮುಂದೆ ನಮ್ಮ 25 ವರ್ಷ ಸಣ್ಣದು. ಆದರೆ ನಮ್ಮ ದಫ್ತರವೂ ಇತಿಹಾಸವೇ. ಬೆಳ್ಳಿಹಬ್ಬದ ಸಲುವಾಗಿ ಕಚೇರಿಗೆ ಬಣ್ಣ ಹಚ್ಚಿಸುವಾಗ ಹಳೆಯ ವಹಿಗಳನ್ನು ರದ್ದಿಗೆ ಹಾಕಬೇಕೆಂಬ ಮಾತು ಬಂತು. ಜಾಗ ಇಲ್ಲ, ಗೆದ್ದಲ ಹತ್ತೇತಿ, ಕಾನೂನಿನ ಅವಧಿ ಮುಗಿದೈತಿ, ಎಲ್ಲ ಖರೆ. ಆಗ ಗುರುಗಳು ಹತ್ತು ಮಕ್ಕಳನ್ನು ಕರೆದುಕೊಂಡು ಬಂದು ಮೊದಲ ವರ್ಷದ ಷೇರು ವಹಿ ತೆಗೆಸಿದರು. ಒಬ್ಬ ಹುಡುಗ ತನ್ನ ಅಜ್ಜಿಯ ಹೆಬ್ಬೆಟ್ಟು ಕಂಡ. ಹೆಸರಿನ ಮುಂದೆ ನೀಲಿ ಮಸಿಯ ಗುರುತು, ಸ್ವಲ್ಪ ಒರೆಸಿಹೋಗಿದೆ. ಅಜ್ಜಿ ತೀರಿಕೊಂಡು ಬಹಳ ವರ್ಷ ಆಗಿತ್ತು. ಹುಡುಗ ಆ ಗುರುತಿನ ಮೇಲೆ ತನ್ನ ಹೆಬ್ಬೆಟ್ಟು ಇಟ್ಟು ನೋಡಿ, "ಅಜ್ಜಿ ಬೆರಳು ಸಣ್ಣವು ಇದ್ವು" ಅಂದ. ಆಮೇಲೆ ಪ್ರಶ್ನೆಗಳು ಬಂದವು. ಕೂಲಿ ಮಾಡುವಾಕೆ ಷೇರಿನ ರೊಕ್ಕ ಹೆಂಗ ಕೂಡಿಸಿದಳು? ಮನೆಯಲ್ಲಿ ಕೇಳಿ ತಂದಳೋ, ಕೇಳದೆ ತಂದಳೋ? ಸಂಘ ಮುಳುಗಿದರೆ ರೊಕ್ಕ ಹೋಗುತ್ತದೆ ಅನ್ನುವ ಹೆದರಿಕೆ ಇರಲಿಲ್ಲವೇ? ಅವತ್ತು ಈ ಸಂಘ ಬೆಳ್ಳಿಹಬ್ಬ ಕಾಣುತ್ತದೆ ಅಂತ ಆಕೆಗೆ ಗೊತ್ತಿರಲಿಲ್ಲ. ಕಿತ್ತೂರಿನವರಿಗೆ ಡಿಸೆಂಬರ್ 5 ಗೊತ್ತಿರದ ಹಾಗೆ.

ಆ ದಿನ ಸಂಜೆ ಆಡಳಿತ ಮಂಡಳಿ ಕೂತು ರದ್ದಿಯ ಮಾತನ್ನು ಕೈಬಿಟ್ಟಿತು. ಸದಸ್ಯರ ಖಾಸಗಿ ಸಾಲದ ವಿವರ ಬೇರೆ ಇಟ್ಟು, ಠರಾವು ಪುಸ್ತಕ, ಷೇರು ವಹಿ, ಹಳೆಯ ಫೋಟೋ ಇವುಗಳಿಗೆ ಒಂದು ಕಬ್ಬಿಣದ ಕಪಾಟು ಕೊಡಿಸುವುದೆಂದು ಠರಾವು ಆಯಿತು. ಆ ಕಪಾಟು ಇದೇ ಸಾಲಿಯಲ್ಲಿ ಇರುತ್ತದೆ, ಕೀಲಿ ಮುಖ್ಯ ಗುರುಗಳ ಕೈಯಲ್ಲಿ.

"ಇದರಿಂದ ಮಾರ್ಕ್ಸ್ ಬರ್ತಾವೇನು?" ಅಂತ ಪಾಲಕರು ಕೇಳುತ್ತೀರಿ. ಕೇಳಬೇಕು. ಎಸ್.ಎಸ್.ಎಲ್.ಸಿ. ಅಂದರೆ ಮನೆತನದ ಮಾನದ ಪ್ರಶ್ನೆ ಆಗಿದೆ. ನಾವು ಕಂಡದ್ದು ಇಷ್ಟು: ಕಾರಣ ತಿಳಿದ ಮಗು ಇಸ್ವಿ ಮರೆಯುವುದಿಲ್ಲ. ದೀಪಾವಳಿ ಅಮಾಸಿಯ ಲೆಕ್ಕ ಹಾಕಿದ ಮಕ್ಕಳಲ್ಲಿ ಒಬ್ಬರೂ ಅಕ್ಟೋಬರ್ 23 ಮರೆತಿಲ್ಲ. ಪರೀಕ್ಷೆಗೆ ಓದುವುದು ಬಿಡ್ರಿ ಅಂತ ನಾವು ಹೇಳುವುದಿಲ್ಲ. ತಿಂಗಳಿಗೆ ಎರಡು ತಾಸು ಇದಕ್ಕೆ ಕೊಡ್ರಿ ಅಂತೀವಿ.

ಕಡೆಗೆ ಸಂಘದ ಪರವಾಗಿ ನಾಲ್ಕು ಬೇಡಿಕೆ. ಒಂದು, ಈ ವರ್ಷ ಮಕ್ಕಳನ್ನು ಮೂರು ಕಡೆ ಕರೆದುಕೊಂಡು ಹೋಗುತ್ತೇವೆ: ಕಿತ್ತೂರ ಕೋಟೆ ಮತ್ತು ಅಲ್ಲಿಯ ವಸ್ತುಸಂಗ್ರಹಾಲಯ, ಸಂಗೊಳ್ಳಿ-ನಂದಗಡ, ಸವದತ್ತಿ-ರಾಮದುರ್ಗ. ಬಸ್ಸಿನ ಖರ್ಚು ಸಂಘದ್ದು. ಸುಗ್ಗಿ ಐತಿ ಅಂತ ಮಕ್ಕಳನ್ನು ಬಿಡಿಸಬ್ಯಾಡ್ರಿ. ಹೋಗುವಾಗ ಬೈಲಹೊಂಗಲದಲ್ಲಿ ಇಳಿದು, ನಾಲ್ಕು ವರ್ಷದ ಮೇಲೆ ಸೆರೆಯಲ್ಲಿದ್ದು 1829ರಲ್ಲಿ ತೀರಿದ ಚೆನ್ನಮ್ಮನ ಸಮಾಧಿಯ ಮುಂದೆ ಐದು ನಿಮಿಷ ಸುಮ್ಮನೆ ನಿಲ್ಲಬೇಕು. ಘೋಷಣೆ ಬೇಡ, ಸೆಲ್ಫಿ ಬೇಡ. ಎರಡು, ಮಕ್ಕಳು ಪ್ರಶ್ನೆ ಕೇಳಲು ಮನೆಗೆ ಬಂದರೆ ಹಿರಿಯರು "ಹೋಗ ಅತ್ತಾಗ" ಅನ್ನಬೇಡಿ. ಕೂಡಿಸಿಕೊಂಡು ಹೇಳಿ. ಮೂರು, ಮನೆಯ ಅಟ್ಟದ ಮೇಲೆ ಹಳೆಯ ಕಾಗದ, ಸನದು, ಪಹಣಿ, ಪತ್ರ ಇದ್ದರೆ ಒಲೆಗೆ ಹಾಕಬೇಡಿ, ಗುರುಗಳಿಗೆ ತೋರಿಸಿ, ನಕಲು ಮಾಡಿಕೊಂಡು ತಿರುಗಿ ಕೊಡುತ್ತಾರೆ. ನಾಲ್ಕು, ಊರ ಇತಿಹಾಸದ ವಹಿಯನ್ನು ಚೆನ್ನಾಗಿ ಬರೆದ ಮಗುವಿಗೆ ಸಂಘ ಪ್ರತಿ ವರ್ಷ ಬಹುಮಾನ ಕೊಡುತ್ತದೆ. ಮೂರು ಕಾಲಮ್ ಸರಿಯಾಗಿ ಇದ್ದರೆ ಮಾತ್ರ!

ಮುಂದಿನ ಗ್ಯಾದರಿಂಗಿಗೆ ರಾಯಣ್ಣನ ನಾಟಕವನ್ನು ನಮ್ಮ ಸಾಲಿಯಲ್ಲಿಯೂ ಮಾಡಬೇಕೆಂದು ಗುರುಗಳು ಹೇಳಿದ್ದಾರೆ. ಹಿಡಿದುಕೊಡುವವನ ಪಾತ್ರಕ್ಕೆ ಈಗಲೇ ಮೂವರು ಹುಡುಗರು ಹೆಸರು ಕೊಟ್ಟಿದ್ದಾರಂತೆ, "ಆ ಪಾತ್ರದಾಗ ವಿಚಾರ ಮಾಡೋದು ಭಾಳ ಐತ್ರಿ" ಅಂತ. ನಾಟಕ ಮುಗಿದ ಮರುದಿನ ಆ ಹುಡುಗನನ್ನು ಅವನ ಸ್ವಂತ ಹೆಸರಿನಿಂದ ಕರೆಯುವ ಜವಾಬ್ದಾರಿ ಊರವರಾದ ನಮ್ಮೆಲ್ಲರದು.